ಮೂಕಿ ಯುಗದ ಸೇನಾ ವಿಮಾನಯಾನ ಚಲನಚಿತ್ರಗಳು

ಮೂಕಿ ಯುಗದ ಸೇನಾ ವಿಮಾನಯಾನ ಚಲನಚಿತ್ರಗಳು ಎಂದರೆ ಯುದ್ಧವಿಮಾನ, ವಾಯುನೌಕೆ ಮತ್ತು ವೈಮಾನಿಕ ಯೋಧರ ಬದುಕನ್ನು ವಸ್ತುವಾಗಿಸಿಕೊಂಡು, ಚಲನಚಿತ್ರಕ್ಕೆ ಧ್ವನಿ ಕೂಡುವ ಮುನ್ನ ತಯಾರಾದ ಕಥಾಚಿತ್ರಗಳು. ಇವುಗಳ ಕಾಲ ಸುಮಾರು 1909ರಿಂದ 1930ರವರೆಗೆ. ಬ್ರಿಟನ್ನಿನ ವಾಲ್ಟರ್ ಬೂತ್ ಅವರ ‘ದಿ ಏರ್‌ಶಿಪ್ ಡಿಸ್ಟ್ರಾಯರ್’ (1909) ಈ ಬಗೆಯ ಮೊದಲ ಚಿತ್ರಗಳಲ್ಲಿ ಒಂದು. ಅಮೆರಿಕದ ವಿಲಿಯಂ ವೆಲ್‌ಮನ್ ನಿರ್ದೇಶಿಸಿದ ‘ವಿಂಗ್ಸ್’ (1927) ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಮೊದಲ ಅಕಾಡೆಮಿ ಪ್ರಶಸ್ತಿ ಪ್ರದಾನದಲ್ಲಿ ಶ್ರೇಷ್ಠ ಚಿತ್ರವೆಂಬ ಮನ್ನಣೆ ಪಡೆದುದೂ ಇದೇ.

ಈ ಇಪ್ಪತ್ತು ವರ್ಷಗಳಲ್ಲಿ ಚಿತ್ರಗಳ ಸ್ವರೂಪ ಮೂಲಭೂತವಾಗಿ ಬದಲಾಯಿತು. ಆರಂಭದಲ್ಲಿ ಆಕಾಶಯುದ್ಧವೆಂಬುದು ಆಟಿಕೆಯಂತಹ ಮಾದರಿಗಳನ್ನು ಬಳಸಿ ಕಟ್ಟಿದ ಕಲ್ಪನೆಯಾಗಿತ್ತು. ಮೊದಲ ಮಹಾಯುದ್ಧದ ಬಳಿಕ ಸ್ವತಃ ವಿಮಾನ ಹಾರಿಸಿದವರೇ ಕಥೆಗಾರರೂ ನಿರ್ದೇಶಕರೂ ಆದರು. ನೈಜ ವಿಮಾನಗಳನ್ನು ನೈಜ ಆಕಾಶದಲ್ಲಿಯೇ ಚಿತ್ರಿಸಬೇಕೆಂಬ ಹಟ ಬೆಳೆಯಿತು. ಅದಕ್ಕೆ ತೆತ್ತ ಬೆಲೆಯಲ್ಲಿ ಹಣದ ಜೊತೆಗೆ ಮನುಷ್ಯರ ಪ್ರಾಣವೂ ಸೇರಿತ್ತು.

ಹಿನ್ನೆಲೆ

ಚಲನಚಿತ್ರ ಮತ್ತು ವಿಮಾನ ಎರಡೂ ಹೆಚ್ಚು ಕಡಿಮೆ ಒಂದೇ ಕಾಲದ ಆವಿಷ್ಕಾರಗಳು. ಲ್ಯೂಮಿಯೆರ್ ಸಹೋದರರು 1895ರಲ್ಲಿ ಪ್ಯಾರಿಸ್ಸಿನಲ್ಲಿ ಸಾರ್ವಜನಿಕ ಚಿತ್ರಪ್ರದರ್ಶನ ನಡೆಸಿದರು. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ತಮ್ಮ ಮೊದಲ ಯಂತ್ರಚಾಲಿತ ಹಾರಾಟವನ್ನು ಸಾಧಿಸಿದರು. ಈ ಎರಡು ಯಂತ್ರಗಳು 1909ರಲ್ಲಿ ಒಂದಾದವು. ಆ ವರ್ಷದ ಏಪ್ರಿಲ್ 24ರಂದು ರೋಮ್ ನಗರದ ಬಳಿಯ ಚೆಂತೊಚೆಲ್ಲೆ ಮೈದಾನದಲ್ಲಿ ವಿಲ್ಬರ್ ರೈಟ್ ವಿಮಾನ ಹಾರಿಸುತ್ತಿದ್ದಾಗ, ಜೊತೆಯಲ್ಲಿ ಕುಳಿತ ಛಾಯಾಗ್ರಾಹಕನು ಕೆಳಗಿನ ನೆಲವನ್ನು ಚಿತ್ರೀಕರಿಸಿದನು. ಹಾರುವ ವಿಮಾನದಿಂದ ತೆಗೆದ ಮೊದಲ ಚಲನಚಿತ್ರವೆಂದು ಇದನ್ನು ಪರಿಗಣಿಸಲಾಗುತ್ತದೆ.

ಅದೇ ವರ್ಷದ ಜುಲೈ 25ರಂದು ಫ್ರಾನ್ಸಿನ ಲೂಯಿ ಬ್ಲೇರಿಯೊ ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದರು. ಸಮುದ್ರವೇ ತನ್ನ ಕೋಟೆಯೆಂದು ನಂಬಿದ್ದ ಬ್ರಿಟನ್ನಿಗೆ ಆಕಾಶ ಮಾರ್ಗದಿಂದ ಶತ್ರು ಬರಬಹುದೆಂಬ ಭೀತಿ ಹುಟ್ಟಿತು. ಎಚ್. ಜಿ. ವೆಲ್ಸ್ ಅವರ ‘ದಿ ವಾರ್ ಇನ್ ದಿ ಏರ್’ ಕಾದಂಬರಿ ಹಿಂದಿನ ವರ್ಷವಷ್ಟೇ, 1908ರಲ್ಲಿ, ಪ್ರಕಟವಾಗಿತ್ತು. ವಿಮಾನದಿಂದ ಬಾಂಬು ಹಾಕುವುದು ಯುದ್ಧದಲ್ಲಿ ನಿಜವಾದದ್ದು 1911ರ ನವೆಂಬರ್ 1ರಂದು. ಇಟಲಿಯ ಜೂಲಿಯೊ ಗವೊತ್ತಿ ಲಿಬಿಯಾದಲ್ಲಿ ಕೈಯಿಂದಲೇ ಚಿಕ್ಕ ಬಾಂಬುಗಳನ್ನು ಕೆಳಗೆ ಎಸೆದರು. ಚಲನಚಿತ್ರವು ಈ ಘಟನೆಗಿಂತ ಎರಡು ವರ್ಷ ಮೊದಲೇ ಅದನ್ನು ಬೆಳ್ಳಿತೆರೆಯ ಮೇಲೆ ತೋರಿಸಿತ್ತು.

ವಾಲ್ಟರ್ ಬೂತ್ ಮತ್ತು ಕಲ್ಪನೆಯ ಯುದ್ಧ

ವಾಲ್ಟರ್ ಆರ್. ಬೂತ್ ಮೂಲತಃ ಪಿಂಗಾಣಿ ಪಾತ್ರೆಗಳ ಮೇಲೆ ಚಿತ್ರ ಬರೆಯುವ ಕೆಲಸ ಕಲಿತವರು. ಬಳಿಕ ಇಂದ್ರಜಾಲ ಪ್ರದರ್ಶಕರಾದರು. ನಿರ್ಮಾಪಕ ಚಾರ್ಲ್ಸ್ ಅರ್ಬನ್ ಅವರಿಗಾಗಿ 1909ರಲ್ಲಿ ‘ದಿ ಏರ್‌ಶಿಪ್ ಡಿಸ್ಟ್ರಾಯರ್’ ಎಂಬ ಕಿರುಚಿತ್ರವನ್ನು ನಿರ್ದೇಶಿಸಿದರು. ಶತ್ರುವಿನ ವಾಯುನೌಕೆಗಳು ಇಂಗ್ಲೆಂಡಿನ ಮೇಲೆ ಬಾಂಬುಗಳನ್ನು ಸುರಿಸುತ್ತವೆ. ಊರುಗಳು ಹೊತ್ತಿ ಉರಿಯುತ್ತವೆ. ಕೊನೆಗೆ ಒಬ್ಬ ಯುವ ಸಂಶೋಧಕನು ನಿಸ್ತಂತು ತಂತ್ರದಿಂದ ನಿಯಂತ್ರಿಸಬಹುದಾದ ಹಾರುವ ಅಸ್ತ್ರವನ್ನು ಪ್ರಯೋಗಿಸಿ ಶತ್ರುನೌಕೆಯನ್ನು ನಾಶಮಾಡುತ್ತಾನೆ. ಇದು ಚಿತ್ರದ ಕಥೆ. ಮಾದರಿಗಳು ಮತ್ತು ಚಿತ್ರಪಟಗಳನ್ನು ಬಳಸಿ ಇಡೀ ಯುದ್ಧವನ್ನು ಸೃಷ್ಟಿಸಲಾಗಿತ್ತು.

ಈ ಚಿತ್ರದ ಯಶಸ್ಸಿನ ಬಳಿಕ ಬೂತ್ ‘ದಿ ಏರಿಯಲ್ ಸಬ್‌ಮರೀನ್’ (1910) ಮತ್ತು ‘ದಿ ಏರಿಯಲ್ ಅನಾರ್ಕಿಸ್ಟ್ಸ್’ (1911) ಎಂಬ ಇನ್ನೆರಡು ಚಿತ್ರಗಳನ್ನು ತಯಾರಿಸಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜೆಪ್ಪೆಲಿನ್ ವಾಯುನೌಕೆಗಳು 1915ರಿಂದ ಇಂಗ್ಲೆಂಡಿನ ಮೇಲೆ ನಿಜವಾಗಿಯೇ ದಾಳಿ ಮಾಡಿದಾಗ, ಬೂತ್ ಕಲ್ಪಿಸಿದ್ದು ಜನರ ಕಣ್ಣೆದುರು ಸಂಭವಿಸಿತು.

ಮೊದಲ ಸೇನಾ ವೈಮಾನಿಕ ತೆರೆಯ ಮೇಲೆ

ಅಮೆರಿಕದ ವೈಟಾಗ್ರಾಫ್ ಸಂಸ್ಥೆಯು 1911ರಲ್ಲಿ ‘ದಿ ಮಿಲಿಟರಿ ಏರ್-ಸ್ಕೌಟ್’ ಎಂಬ ಚಿತ್ರವನ್ನು ಹೊರತಂದಿತು. ನಿರ್ದೇಶಕರು ವಿಲಿಯಂ ಹಂಫ್ರಿ. ಮಾದರಿಗಳ ಬದಲಿಗೆ ನಿಜವಾದ ವಿಮಾನವನ್ನೂ, ಅದನ್ನು ಹಾರಿಸಲು ನಿಜವಾದ ಸೇನಾಧಿಕಾರಿಯನ್ನೂ ಬಳಸಿದ್ದು ಇದರ ವಿಶೇಷ. ಚಿತ್ರದ ಹಾರಾಟದ ದೃಶ್ಯಗಳನ್ನು ನಿರ್ವಹಿಸಿದವರು ಹೆನ್ರಿ ಆರ್ನಲ್ಡ್ ಎಂಬ ಯುವ ಲೆಫ್ಟಿನೆಂಟ್. ಅವರು ಅದೇ ವರ್ಷ ಡೇಟನ್ ನಗರದಲ್ಲಿ ರೈಟ್ ಸಹೋದರರ ಶಾಲೆಯಲ್ಲಿ ವಿಮಾನ ಚಾಲನೆ ಕಲಿತಿದ್ದರು. ಇದೇ ಆರ್ನಲ್ಡ್ ಮುಂದೆ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನಾ ವಾಯುಪಡೆಗಳ ಮುಖ್ಯಸ್ಥರಾಗಿ, ಪಂಚತಾರಾ ಪದವಿಗೇರಿದರು.

ಚಿತ್ರದ ಹೆಸರೇ ಸೂಚಿಸುವಂತೆ, ಆ ಕಾಲದಲ್ಲಿ ಸೇನೆಗೆ ವಿಮಾನದ ಉಪಯೋಗವೆಂದರೆ ಮುಖ್ಯವಾಗಿ ಬೇಹುಗಾರಿಕೆ. ಶತ್ರುಸೇನೆ ಎಲ್ಲಿದೆ, ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದನ್ನು ಮೇಲಿನಿಂದ ನೋಡಿ ತಿಳಿಸುವುದೇ ವೈಮಾನಿಕನ ಕೆಲಸ. ವಿಮಾನಗಳು ಪರಸ್ಪರ ಗುಂಡು ಹಾರಿಸಿ ಕಾದಾಡುವ ದೃಶ್ಯ ತೆರೆಗೆ ಬಂದದ್ದು ಮಹಾಯುದ್ಧವು ಅದನ್ನು ಲೋಕಕ್ಕೆ ತೋರಿಸಿದ ಮೇಲೆ.

ಮಹಾಯುದ್ಧ ಮತ್ತು ಅನಂತರದ ವರ್ಷಗಳು

ಯುದ್ಧ ನಡೆಯುತ್ತಿದ್ದಾಗಲೇ ತಯಾರಾದ ಚಿತ್ರಗಳಲ್ಲಿ ಪ್ರಚಾರದ ಉದ್ದೇಶ ಸ್ಪಷ್ಟವಾಗಿತ್ತು. ಥಾಮಸ್ ಇನ್ಸ್ ಅವರ ಸಂಸ್ಥೆಗಾಗಿ ಇರ್ವಿನ್ ವಿಲಟ್ ನಿರ್ದೇಶಿಸಿದ ‘ದಿ ಜೆಪ್ಪೆಲಿನ್ಸ್ ಲಾಸ್ಟ್ ರೇಡ್’ (1917) ಇದಕ್ಕೆ ಉದಾಹರಣೆ. ‘ಎ ರೊಮಾನ್ಸ್ ಆಫ್ ದಿ ಏರ್’ (1918) ಎಂಬ ಚಿತ್ರದಲ್ಲಿ ಫ್ರಾನ್ಸಿನ ಪರವಾಗಿ ಹೋರಾಡಿದ ಅಮೆರಿಕನ್ ವೈಮಾನಿಕ ಬರ್ಟ್ ಹಾಲ್ ಸ್ವತಃ ನಟಿಸಿದರು. ಯುದ್ಧದಲ್ಲಿ ಹೆಸರು ಮಾಡಿದ ವೈಮಾನಿಕನನ್ನೇ ನಟನನ್ನಾಗಿಸುವ ಪದ್ಧತಿ ಹೀಗೆ ಆರಂಭವಾಯಿತು. 43 ವಿಮಾನಗಳನ್ನು ಉರುಳಿಸಿದ ಕೀರ್ತಿಯ ಫ್ರೆಂಚ್ ವೈಮಾನಿಕ ಷಾರ್ಲ್ ನುಂಜೆಸ್ಸೆರ್ ‘ದಿ ಸ್ಕೈ ರೇಡರ್’ (1925) ಚಿತ್ರದಲ್ಲಿ ಕಾಣಿಸಿಕೊಂಡರು. ಎರಡೇ ವರ್ಷಗಳ ಬಳಿಕ, 1927ರ ಮೇ 8ರಂದು, ಫ್ರಾಂಸ್ವಾ ಕೋಲಿ ಅವರೊಡನೆ ಅಟ್ಲಾಂಟಿಕ್ ಸಾಗರವನ್ನು ದಾಟಲು ಹೊರಟ ಅವರು ಮತ್ತೆಂದೂ ಹಿಂತಿರುಗಲಿಲ್ಲ.

ಯುದ್ಧ ಮುಗಿದಾಗ ಸಾವಿರಾರು ತರಬೇತಿ ವಿಮಾನಗಳು ಸೇನೆಗೆ ಬೇಡವಾದವು. ಅವು ಅಗ್ಗದ ಬೆಲೆಗೆ ಮಾರಾಟವಾದವು. ಕೆಲಸ ಕಳೆದುಕೊಂಡ ವೈಮಾನಿಕರು ಅವುಗಳನ್ನು ಕೊಂಡು ಊರೂರು ತಿರುಗಿ, ಜಾತ್ರೆಯ ಮೈದಾನಗಳಲ್ಲಿ ಸಾಹಸ ಪ್ರದರ್ಶನ ನೀಡಿ ಬದುಕತೊಡಗಿದರು. ಹಾಲಿವುಡ್ಡಿನ ವಿಮಾನ ಸಾಹಸಿಗರಲ್ಲಿ ಹೆಚ್ಚಿನವರು ಬಂದದ್ದು ಈ ಗುಂಪಿನಿಂದ. ಅವರಲ್ಲಿ ಪ್ರಮುಖರಾದವರು ಸೇನೆಯಲ್ಲಿ ವಿಮಾನ ಚಾಲನೆಯ ಬೋಧಕರಾಗಿದ್ದ ಓರ್ಮರ್ ಲಾಕ್ಲಿಯರ್. ಹಾರುತ್ತಿರುವ ವಿಮಾನದ ರೆಕ್ಕೆಯ ಮೇಲೆ ನಡೆಯುವುದು, ಒಂದು ವಿಮಾನದಿಂದ ಇನ್ನೊಂದಕ್ಕೆ ದಾಟುವುದು ಅವರ ವೈಶಿಷ್ಟ್ಯ. ‘ದಿ ಗ್ರೇಟ್ ಏರ್ ರಾಬರಿ’ (1919) ಅವರಿಗೆ ಖ್ಯಾತಿ ತಂದಿತು. ಎರಡನೆಯ ಚಿತ್ರವಾದ ‘ದಿ ಸ್ಕೈವೇಮನ್’ನ ಚಿತ್ರೀಕರಣದಲ್ಲಿ, 1920ರ ಆಗಸ್ಟ್ 2ರ ರಾತ್ರಿ, ದೀಪಗಳ ಪ್ರಖರ ಬೆಳಕಿನ ನಡುವೆ ಗಿರಕಿ ಹೊಡೆಯುತ್ತ ಇಳಿಯುವ ದೃಶ್ಯವನ್ನು ನಿರ್ವಹಿಸುವಾಗ ವಿಮಾನ ನೆಲಕ್ಕಪ್ಪಳಿಸಿತು. ಲಾಕ್ಲಿಯರ್ ಮತ್ತು ಅವರ ಸಹವೈಮಾನಿಕ ಮಿಲ್ಟನ್ ಎಲಿಯಟ್ ಇಬ್ಬರೂ ಮೃತರಾದರು. ಫಾಕ್ಸ್ ಸಂಸ್ಥೆ ಆ ದುರಂತದ ದೃಶ್ಯವನ್ನು ಉಳಿಸಿಕೊಂಡೇ ಚಿತ್ರವನ್ನು ಬಿಡುಗಡೆ ಮಾಡಿ, ಲಾಭದ ಒಂದು ಪಾಲನ್ನು ಮೃತರ ಕುಟುಂಬಗಳಿಗೆ ಕೊಡುವುದಾಗಿ ಪ್ರಕಟಿಸಿತು.

ವಿಂಗ್ಸ್ (1927)

ತಯಾರಕರು

‘ವಿಂಗ್ಸ್’ ಚಿತ್ರದ ಮೂಲಕಥೆ ಜಾನ್ ಮಂಕ್ ಸಾಂಡರ್ಸ್ ಅವರದು. ಯುದ್ಧಕಾಲದಲ್ಲಿ ಅವರು ಅಮೆರಿಕದಲ್ಲಿಯೇ ವಿಮಾನ ಚಾಲನೆಯ ಬೋಧಕರಾಗಿದ್ದರು. ರಣರಂಗಕ್ಕೆ ಹೋಗುವ ಅವಕಾಶ ಸಿಗದ ಕೊರಗು ಅವರಲ್ಲಿ ಕೊನೆಯವರೆಗೂ ಉಳಿದಿತ್ತು. ನಿರ್ದೇಶಕ ವಿಲಿಯಂ ವೆಲ್‌ಮನ್ ಇದಕ್ಕೆ ವ್ಯತಿರಿಕ್ತ. ಅಮೆರಿಕವು ಯುದ್ಧಕ್ಕೆ ಇಳಿದ ವರ್ಷವೇ ಅವರು ಫ್ರಾನ್ಸಿನ ವಾಯುದಳದಲ್ಲಿ ಅಮೆರಿಕನ್ ಸ್ವಯಂಸೇವಕರಿಗಾಗಿ ಇದ್ದ ಲಫಾಯೆತ್ ಫ್ಲೈಯಿಂಗ್ ಕೋರ್ ಮೂಲಕ ಸೇರಿ, ಯುದ್ಧವಿಮಾನ ಹಾರಿಸಿದ್ದರು. ಸಂಗಡಿಗರ ಸಾವನ್ನು ಕಣ್ಣಾರೆ ಕಂಡಿದ್ದರು. ಪ್ಯಾರಮೌಂಟ್ ಸಂಸ್ಥೆ ತನ್ನ ಅತಿ ದುಬಾರಿ ಚಿತ್ರಗಳಲ್ಲೊಂದನ್ನು ಮೂವತ್ತರ ಹರೆಯದ, ಅಷ್ಟೇನೂ ಹೆಸರಿಲ್ಲದ ಈ ನಿರ್ದೇಶಕನಿಗೆ ಒಪ್ಪಿಸಿದ್ದಕ್ಕೆ ಮುಖ್ಯ ಕಾರಣ ಆ ಅನುಭವವೇ. ನಟ ರಿಚರ್ಡ್ ಆರ್ಲೆನ್ ಕೂಡ ಕೆನಡಾದಲ್ಲಿ ರಾಯಲ್ ಫ್ಲೈಯಿಂಗ್ ಕೋರ್‌ನ ತರಬೇತಿ ಪಡೆದಿದ್ದರು. ಇನ್ನೊಬ್ಬ ನಾಯಕ ಚಾರ್ಲ್ಸ್ ರೋಜರ್ಸ್ ಚಿತ್ರೀಕರಣದ ಸಮಯದಲ್ಲಿಯೇ ಹಾರಾಟ ಕಲಿತರು.

ಕಥಾವಸ್ತು

ಒಂದೇ ಊರಿನ ಜ್ಯಾಕ್ ಮತ್ತು ಡೇವಿಡ್ ಎಂಬ ಯುವಕರು ಒಬ್ಬಳೇ ಯುವತಿಯನ್ನು ಮೆಚ್ಚಿದ್ದರಿಂದ ಎದುರಾಳಿಗಳಾಗಿರುತ್ತಾರೆ. ಸೇನೆಯ ತರಬೇತಿಯಲ್ಲಿ ಅವರು ಆಪ್ತ ಗೆಳೆಯರಾಗುತ್ತಾರೆ. ಜ್ಯಾಕ್‌ನನ್ನು ಪ್ರೀತಿಸುವ ನೆರೆಮನೆಯ ಮೇರಿ (ಕ್ಲಾರಾ ಬೋ) ವಾಹನ ಚಾಲಕಿಯಾಗಿ ಯುದ್ಧಭೂಮಿಗೆ ಹೋಗುತ್ತಾಳೆ. ಸಾಂ-ಮಿಯೆಲ್ ಕದನದ ಸಮಯದಲ್ಲಿ ಶತ್ರುನೆಲದಲ್ಲಿ ಉರುಳಿದ ಡೇವಿಡ್, ಜರ್ಮನ್ ವಿಮಾನವೊಂದನ್ನು ಕದ್ದು ತನ್ನ ಪಡೆಯತ್ತ ಹಾರಿ ಬರುತ್ತಾನೆ. ಗೆಳೆಯ ಸತ್ತನೆಂದು ನಂಬಿ ಸೇಡಿನಿಂದ ಕುದಿಯುತ್ತಿದ್ದ ಜ್ಯಾಕ್, ಅದು ಶತ್ರುವಿಮಾನವೆಂದೇ ತಿಳಿದು ಹೊಡೆದುರುಳಿಸುತ್ತಾನೆ. ಡೇವಿಡ್ ಗೆಳೆಯನ ತೋಳಿನಲ್ಲಿ ಪ್ರಾಣ ಬಿಡುತ್ತಾನೆ. ಊರಿಗೆ ಮರಳಿ ಸನ್ಮಾನ ಪಡೆದ ಜ್ಯಾಕ್, ಡೇವಿಡ್‌ನ ತಂದೆತಾಯಿಯ ಮುಂದೆ ನಿಲ್ಲಬೇಕಾಗುತ್ತದೆ. ಅವರು ಅವನನ್ನು ಕ್ಷಮಿಸುತ್ತಾರೆ. ತರಬೇತಿಯ ವೇಳೆ ಅಪಘಾತದಲ್ಲಿ ಸಾಯುವ ವೈಮಾನಿಕನ ಚಿಕ್ಕ ಪಾತ್ರದಲ್ಲಿ ಗ್ಯಾರಿ ಕೂಪರ್ ನಟಿಸಿದ್ದಾರೆ. ಅವರ ಏಳಿಗೆಗೆ ಆ ಪಾತ್ರ ಕಾರಣವಾಯಿತು.

ಚಿತ್ರೀಕರಣ

ಚಿತ್ರೀಕರಣವು 1926ರ ಸೆಪ್ಟೆಂಬರಿನಿಂದ 1927ರ ಏಪ್ರಿಲ್‌ವರೆಗೆ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದ ಆಸುಪಾಸಿನ ಸೇನಾ ನೆಲೆಗಳಲ್ಲಿ ನಡೆಯಿತು. ಅಮೆರಿಕದ ಯುದ್ಧ ಇಲಾಖೆ ವಿಮಾನಗಳನ್ನು, ವೈಮಾನಿಕರನ್ನು ಹಾಗೂ ಸಾವಿರಾರು ಕಾಲಾಳುಗಳನ್ನು ಒದಗಿಸಿತು. ಒಟ್ಟು ವೆಚ್ಚ ಸುಮಾರು 20 ಲಕ್ಷ ಡಾಲರ್. ಯುದ್ಧಕಾಲದ ವಿಮಾನಗಳು ಅಷ್ಟರಲ್ಲಿ ವಿರಳವಾಗಿದ್ದುದರಿಂದ, ಥಾಮಸ್-ಮೋರ್ಸ್ ವಿಮಾನಗಳು ಮಿತ್ರಪಕ್ಷದ ಸ್ಪ್ಯಾಡ್ ವಿಮಾನಗಳಾಗಿಯೂ, ಬಣ್ಣ ಬದಲಿಸಿದ ಕರ್ಟಿಸ್ ವಿಮಾನಗಳು ಜರ್ಮನಿಯ ಫೊಕರ್ ವಿಮಾನಗಳಾಗಿಯೂ ಕಾಣಿಸಿಕೊಂಡವು.

ಹಾರಾಟದ ಚಿತ್ರೀಕರಣದಲ್ಲಿ ಎರಡು ತಾಂತ್ರಿಕ ಸಮಸ್ಯೆಗಳಿದ್ದವು. ನಟನ ಮುಖವನ್ನು ಹತ್ತಿರದಿಂದ ತೋರಿಸುವುದು ಮೊದಲನೆಯದು. ಇದಕ್ಕಾಗಿ ಮೋಟಾರಿನಿಂದ ಚಲಿಸುವ ಕ್ಯಾಮೆರಾವನ್ನು ವಿಮಾನಕ್ಕೇ ಬಿಗಿದು, ನಟನತ್ತ ತಿರುಗಿಸಿ ಇಡಲಾಯಿತು. ಆಕಾಶಕ್ಕೇರಿದ ನಟನೇ ಕ್ಯಾಮೆರಾವನ್ನು ಚಾಲೂ ಮಾಡಿ ತನ್ನ ಅಭಿನಯವನ್ನು ತಾನೇ ಚಿತ್ರೀಕರಿಸಿಕೊಳ್ಳಬೇಕಾಗಿತ್ತು. ಮುಖ್ಯ ಛಾಯಾಗ್ರಾಹಕರು ಹ್ಯಾರಿ ಪೆರಿ.

ಎರಡನೆಯದು ವೇಗದ ಸಮಸ್ಯೆ. ಬರಿಯ ನೀಲಿ ಆಕಾಶದ ಹಿನ್ನೆಲೆಯಲ್ಲಿ ವಿಮಾನ ಎಷ್ಟೇ ವೇಗವಾಗಿ ಹಾರಿದರೂ ನೋಡುವವರಿಗೆ ನಿಂತಂತೆಯೇ ಕಾಣುತ್ತದೆ. ಹಿಂದೆ ಮೋಡಗಳಿದ್ದರೆ ಮಾತ್ರ ದೂರ, ಎತ್ತರ, ವೇಗಗಳ ಅರಿವು ಉಂಟಾಗುತ್ತದೆ. ಆದ್ದರಿಂದ ವೆಲ್‌ಮನ್ ಮೋಡಗಳಿಗಾಗಿ ವಾರಗಟ್ಟಲೆ ಕಾದರು. ನಿರ್ಮಾಣ ಸಂಸ್ಥೆಯ ಒತ್ತಡಕ್ಕೂ ಅವರು ಜಗ್ಗಲಿಲ್ಲ. ಮುಂದಿನ ವಿಮಾನ ಚಿತ್ರಗಳೆಲ್ಲವೂ ಈ ಪಾಠವನ್ನು ಅನುಸರಿಸಿದವು.

ವಿಮಾನಗಳನ್ನು ಬೇಕೆಂದೇ ನೆಲಕ್ಕೆ ಕೆಡವುವ ದೃಶ್ಯಗಳನ್ನು ಸಾಹಸ ಕಲಾವಿದ ಡಿಕ್ ಗ್ರೇಸ್ ನಿರ್ವಹಿಸಿದರು. ಒಂದು ದೃಶ್ಯದಲ್ಲಿ ಅವರ ಕುತ್ತಿಗೆಯ ಮೂಳೆ ಮುರಿಯಿತು. ಚಿತ್ರೀಕರಣದ ಅವಧಿಯಲ್ಲಿ ಒಬ್ಬ ಸೇನಾ ವೈಮಾನಿಕ ಅಪಘಾತದಲ್ಲಿ ಮರಣ ಹೊಂದಿದನು.

ಬಿಡುಗಡೆ ಮತ್ತು ಮನ್ನಣೆ

ಚಿತ್ರವು 1927ರ ಮೇ 19ರಂದು ಸ್ಯಾನ್ ಆಂಟೋನಿಯೊದಲ್ಲಿ ಮೊದಲು ಪ್ರದರ್ಶನಗೊಂಡಿತು. ಮರುದಿನವೇ ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಒಬ್ಬಂಟಿಯಾಗಿ ಹಾರಿ ಹೊರಟರು. ಅವರು ಸೇನಾ ತರಬೇತಿ ಪಡೆದದ್ದೂ ಅದೇ ಸ್ಯಾನ್ ಆಂಟೋನಿಯೊದಲ್ಲಿ. ಲಿಂಡ್‌ಬರ್ಗ್ ಅವರ ಯಶಸ್ಸು ಹುಟ್ಟಿಸಿದ ವಿಮಾನದ ಹುಚ್ಚು ಚಿತ್ರದ ಗೆಲುವಿಗೂ ನೆರವಾಯಿತು. ನ್ಯೂಯಾರ್ಕಿನಲ್ಲಿ ಆಗಸ್ಟ್ 12ರಿಂದ ಪ್ರದರ್ಶನ ಆರಂಭವಾಯಿತು. ಕದನದ ದೃಶ್ಯಗಳಲ್ಲಿ ತೆರೆಯ ಮೇಲಿನ ಚಿತ್ರವನ್ನು ಇದ್ದಕ್ಕಿದ್ದಂತೆ ಹಿಗ್ಗಿಸುವ ‘ಮ್ಯಾಗ್ನಸ್ಕೋಪ್’ ಎಂಬ ವಿಧಾನವನ್ನು ಕೆಲವು ಚಿತ್ರಮಂದಿರಗಳಲ್ಲಿ ಬಳಸಲಾಯಿತು. ಮೂಕಿ ಚಿತ್ರವಾದರೂ ಪ್ರೇಕ್ಷಾಗೃಹ ಮೌನವಾಗಿರಲಿಲ್ಲ. ವಾದ್ಯವೃಂದದ ಜೊತೆಗೆ ಎಂಜಿನ್ನಿನ ಮೊರೆತ, ಗುಂಡಿನ ಸದ್ದುಗಳನ್ನು ಯಂತ್ರಗಳಿಂದ ಹೊಮ್ಮಿಸಲಾಗುತ್ತಿತ್ತು.

1929ರ ಮೇ 16ರಂದು ನಡೆದ ಮೊದಲ ಅಕಾಡೆಮಿ ಪ್ರಶಸ್ತಿ ಪ್ರದಾನದಲ್ಲಿ ‘ವಿಂಗ್ಸ್’ ಶ್ರೇಷ್ಠ ಚಿತ್ರ ಪ್ರಶಸ್ತಿಯನ್ನೂ, ರಾಯ್ ಪೊಮರಾಯ್ ಅವರ ಕೆಲಸಕ್ಕಾಗಿ ತಾಂತ್ರಿಕ ಪರಿಣಾಮಗಳ ಪ್ರಶಸ್ತಿಯನ್ನೂ ಪಡೆಯಿತು. 2011ರ ‘ದಿ ಆರ್ಟಿಸ್ಟ್’ ಬರುವವರೆಗೆ ಬೇರಾವ ಮೂಕಿ ಚಿತ್ರಕ್ಕೂ ಶ್ರೇಷ್ಠ ಚಿತ್ರ ಪ್ರಶಸ್ತಿ ದೊರೆಯಲಿಲ್ಲ.

ವಿಂಗ್ಸ್ ಬಳಿಕದ ಚಿತ್ರಗಳು

‘ವಿಂಗ್ಸ್’ ಗೆದ್ದ ಮೇಲೆ ವೈಮಾನಿಕ ಕಥೆಗಳಿಗೆ ಬೇಡಿಕೆ ಹೆಚ್ಚಿತು. ವೆಲ್‌ಮನ್ ಮತ್ತು ಸಾಂಡರ್ಸ್ ಜೋಡಿ ‘ದಿ ಲೀಜನ್ ಆಫ್ ದಿ ಕಂಡೆಮ್ಡ್’ (1928) ಚಿತ್ರವನ್ನು ನೀಡಿತು. ಗ್ಯಾರಿ ಕೂಪರ್ ಮತ್ತು ಫೇ ರೇ ನಾಯಕ ನಾಯಕಿಯರು. ಜಾರ್ಜ್ ಫಿಟ್ಸ್‌ಮೊರಿಸ್ ನಿರ್ದೇಶಿಸಿದ ‘ಲೈಲಾಕ್ ಟೈಮ್’ (1928) ಫ್ರಾನ್ಸಿನ ಹಳ್ಳಿಯೊಂದರ ತೋಟದ ಮನೆಯಲ್ಲಿ ತಂಗಿದ ಬ್ರಿಟಿಷ್ ವೈಮಾನಿಕರನ್ನೂ, ಅವರ ಪೈಕಿ ಒಬ್ಬನನ್ನು ಪ್ರೀತಿಸಿದ ಯುವತಿಯನ್ನೂ (ಕೊಲೀನ್ ಮೂರ್) ಕುರಿತದ್ದು. ಬೆಳಗ್ಗೆ ಹಾರಿಹೋದವರಲ್ಲಿ ಸಂಜೆ ಎಷ್ಟು ಮಂದಿ ಮರಳಿದರೆಂದು ಎಣಿಸುತ್ತ ನೆಲದ ಮೇಲೆ ಕಾಯುವವರ ಸಂಕಟ ಇದರಲ್ಲಿ ಮುಖ್ಯವಾಗಿದೆ.

ಜಾರ್ಜ್ ಹಿಲ್ ನಿರ್ದೇಶನದ ‘ದಿ ಫ್ಲೈಯಿಂಗ್ ಫ್ಲೀಟ್’ (1929) ಅಮೆರಿಕದ ನೌಕಾಪಡೆಯ ವೈಮಾನಿಕರ ತರಬೇತಿಯನ್ನು ಚಿತ್ರಿಸುತ್ತದೆ. ಇದರ ಕಥೆಯಲ್ಲಿ ಪಾಲ್ಗೊಂಡ ಫ್ರ್ಯಾಂಕ್ ವೀಡ್ ನೌಕಾಪಡೆಯ ವೈಮಾನಿಕರಾಗಿದ್ದವರು. 1926ರಲ್ಲಿ ಮನೆಯಲ್ಲಿ ಬಿದ್ದು ಪಾರ್ಶ್ವವಾಯುವಿಗೆ ತುತ್ತಾದ ಬಳಿಕ ಅವರು ಲೇಖನಿ ಹಿಡಿದು ಚಿತ್ರಕಥೆಗಾರರಾದರು. ಯುದ್ಧಕಾಲದಲ್ಲಿ ಸೇನಾ ವಾಯುಸೇವೆಯಲ್ಲಿದ್ದ ಹೊವಾರ್ಡ್ ಹಾಕ್ಸ್ ‘ದಿ ಏರ್ ಸರ್ಕಸ್’ (1928) ಚಿತ್ರದ ನಿರ್ದೇಶಕರಲ್ಲೊಬ್ಬರು. ಅವರೇ ಸಾಂಡರ್ಸ್ ಅವರ ಕಥೆಯಿಂದ ‘ದಿ ಡಾನ್ ಪೆಟ್ರೋಲ್’ (1930) ಎಂಬ ವಾಕ್ಚಿತ್ರವನ್ನು ನಿರ್ಮಿಸಿದರು. ಅದರ ಕಥೆಗಾಗಿ ಸಾಂಡರ್ಸ್ ಅಕಾಡೆಮಿ ಪ್ರಶಸ್ತಿ ಪಡೆದರು. ಬ್ರಿಟನ್ನಿನಲ್ಲಿ ಮೊರಿಸ್ ಎಲ್ವಿ, ಪ್ರಸಿದ್ಧ ವೈಮಾನಿಕ ಅಲನ್ ಕೋಬಮ್ ಅವರನ್ನೇ ಮುಖ್ಯ ಪಾತ್ರದಲ್ಲಿರಿಸಿ ‘ದಿ ಫ್ಲೈಟ್ ಕಮಾಂಡರ್’ (1927) ನಿರ್ದೇಶಿಸಿದರು.

ಹೆಲ್ಸ್ ಏಂಜಲ್ಸ್ ಮತ್ತು ಮೂಕಿ ಯುಗದ ಅಂತ್ಯ

ಶ್ರೀಮಂತ ಯುವಕ ಹೊವಾರ್ಡ್ ಹ್ಯೂಸ್ 1927ರ ಅಕ್ಟೋಬರಿನಲ್ಲಿ ‘ಹೆಲ್ಸ್ ಏಂಜಲ್ಸ್’ ಎಂಬ ಚಿತ್ರವನ್ನು ಮೂಕಿಯಾಗಿಯೇ ಆರಂಭಿಸಿದರು. ಮೊದಲ ನಿರ್ದೇಶಕರು ಹೊರನಡೆದ ಮೇಲೆ ಹಾರಾಟದ ದೃಶ್ಯಗಳ ಹೊಣೆಯನ್ನು ಸ್ವತಃ ವಹಿಸಿಕೊಂಡರು. ‘ವಿಂಗ್ಸ್’ಗೆ ದುಡಿದ ಹ್ಯಾರಿ ಪೆರಿ ಇಲ್ಲಿಯೂ ಛಾಯಾಗ್ರಾಹಕರಲ್ಲೊಬ್ಬರು. ಯುದ್ಧಕಾಲದ ವಿಮಾನಗಳನ್ನು ಎಲ್ಲೆಲ್ಲಿಂದಲೋ ಕೊಂಡು ತರಿಸಿ ಹ್ಯೂಸ್ ತಮ್ಮದೇ ಒಂದು ವಾಯುದಳವನ್ನು ಕಟ್ಟಿದಂತಾಯಿತು.

ಚಿತ್ರ ಮುಗಿಯುವ ಹೊತ್ತಿಗೆ ಪ್ರೇಕ್ಷಕರು ಮಾತಾಡುವ ಚಿತ್ರಗಳಿಗೆ ಮಾರುಹೋಗಿದ್ದರು. ಹ್ಯೂಸ್ ಹಾರಾಟದ ದೃಶ್ಯಗಳನ್ನು ಉಳಿಸಿಕೊಂಡು, ಅವುಗಳಿಗೆ ಸದ್ದು ಸೇರಿಸಿ, ಉಳಿದುದನ್ನು ಜೇಮ್ಸ್ ವೇಲ್ ಅವರ ನೆರವಿನಿಂದ ಸಂಭಾಷಣೆ ಸಹಿತ ಮತ್ತೆ ಚಿತ್ರೀಕರಿಸಿದರು. ನಾರ್ವೆಯ ನಟಿ ಗ್ರೇಟಾ ನಿಸ್ಸೆನ್ ಅವರ ಇಂಗ್ಲಿಷ್ ಉಚ್ಚಾರಣೆ ಪಾತ್ರಕ್ಕೆ ಹೊಂದದ ಕಾರಣ ಅವರ ಸ್ಥಾನಕ್ಕೆ ಜೀನ್ ಹಾರ್ಲೊ ಬಂದರು. 1930ರ ಮೇ 27ರಂದು ಲಾಸ್ ಏಂಜಲೀಸಿನಲ್ಲಿ ಚಿತ್ರ ಬಿಡುಗಡೆಯಾಯಿತು. ಈ ಚಿತ್ರದ ತಯಾರಿಕೆಯಲ್ಲಿ ವೈಮಾನಿಕರಾದ ಅಲ್ ಜಾನ್ಸನ್, ಸಿ. ಕೆ. ಫಿಲಿಪ್ಸ್ ಹಾಗೂ ಯಂತ್ರಕರ್ಮಿ ಫಿಲ್ ಜೋನ್ಸ್ ಮೃತರಾದರು. ಬಾಂಬರ್ ವಿಮಾನವೊಂದು ಗಿರಕಿ ಹೊಡೆದು ಬೀಳುವ ದೃಶ್ಯದಲ್ಲಿ ಚಾಲಕ ಧುಮುಕುಕೊಡೆಯ ಸಹಾಯದಿಂದ ಹೊರಬಿದ್ದರೂ, ಹೊಗೆ ಎಬ್ಬಿಸಲು ಹಿಂಭಾಗದಲ್ಲಿದ್ದ ಜೋನ್ಸ್ ಹೊರಬರಲಿಲ್ಲ. ಸ್ವತಃ ಹ್ಯೂಸ್ ಕೂಡ ವಿಮಾನ ಹಾರಿಸಲು ಹೋಗಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು.

ಭಾರತ ಮತ್ತು ಹೈದರಾಬಾದ್ ಸಂಸ್ಥಾನ

ಈ ಚಿತ್ರಗಳು ಚಿತ್ರಿಸಿದ ವೈಮಾನಿಕ ಯುದ್ಧದ ಇತಿಹಾಸದಲ್ಲಿ ದಖನ್ನಿಗೂ ಪಾಲಿದೆ. 1911ರ ಜನವರಿಯಲ್ಲಿ, ಅಂದು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಔರಂಗಾಬಾದಿನ ಬಳಿ ನಡೆದ ಅಶ್ವದಳದ ಸಮರಾಭ್ಯಾಸದಲ್ಲಿ ಬ್ರಿಸ್ಟಲ್ ಸಂಸ್ಥೆಯ ವಿಮಾನವನ್ನು ಬೇಹುಗಾರಿಕೆಗೆ ಬಳಸಿ ನೋಡಲಾಯಿತು. ಚಾಲಕ ಫ್ರಾನ್ಸಿನ ಆನ್ರಿ ಜುಲರೊ. ವೀಕ್ಷಕರಾಗಿ ಜೊತೆಗೆ ಕುಳಿತವರು ಕ್ಯಾಪ್ಟನ್ ಸೆಫ್ಟನ್ ಬ್ರ್ಯಾಂಕರ್. ‘ದಿ ಮಿಲಿಟರಿ ಏರ್-ಸ್ಕೌಟ್’ ತೆರೆಯ ಮೇಲೆ ತೋರಿಸಿದ ಕೆಲಸ ಅದೇ ವರ್ಷ ದಖನ್ನಿನ ಬಯಲಿನಲ್ಲಿ ನಿಜವಾಗಿ ನಡೆದಿತ್ತು.

ಮಹಾಯುದ್ಧದಲ್ಲಿ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ನೀಡಿದ ಕೊಡುಗೆಯಿಂದ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್‌ನ 110ನೆಯ ದಳಕ್ಕೆ ಡಿ.ಎಚ್. 9ಎ ಬಾಂಬರ್ ವಿಮಾನಗಳನ್ನು ಒದಗಿಸಲಾಯಿತು. ಪ್ರತಿಯೊಂದು ವಿಮಾನದ ಮೇಲೂ ಅದು ನಿಜಾಮರ ಕೊಡುಗೆಯೆಂಬ ಬರಹವಿತ್ತು. ‘ಹೈದರಾಬಾದ್ ದಳ’ ಎಂದೇ ಹೆಸರಾದ ಈ ಪಡೆ 1918ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಗೆ ತೆರಳಿ, ಜರ್ಮನಿಯ ಊರುಗಳ ಮೇಲೆ ಹಗಲು ದಾಳಿ ನಡೆಸಿ, ಕೆಲವೇ ವಾರಗಳಲ್ಲಿ ಭಾರಿ ನಷ್ಟ ಅನುಭವಿಸಿತು. ಇಂದಿನ ಕೊಪ್ಪಳ ಜಿಲ್ಲೆಯ ಕನಕಗಿರಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರದೇಶಗಳೆಲ್ಲ ಆಗ ಈ ಸಂಸ್ಥಾನದಲ್ಲಿಯೇ ಇದ್ದವು. ‘ವಿಂಗ್ಸ್’ ಚಿತ್ರಿಸಿದ ಸಾಂ-ಮಿಯೆಲ್ ಕದನ ನಡೆದದ್ದೂ ಅದೇ 1918ರ ಸೆಪ್ಟೆಂಬರಿನಲ್ಲಿ. ಭಾರತೀಯ ವೈಮಾನಿಕರೂ ಆ ಯುದ್ಧದಲ್ಲಿದ್ದರು. ಅವರಲ್ಲಿ ಇಂದ್ರಲಾಲ್ ರಾಯ್ ಹತ್ತು ವಿಜಯಗಳನ್ನು ಗಳಿಸಿ, 1918ರ ಜುಲೈ 22ರಂದು ಹತರಾದರು. ಹರ್ದಿತ್ ಸಿಂಗ್ ಮಲಿಕ್ ಗಾಯಗೊಂಡು ಬದುಕುಳಿದರು.

ಭಾರತೀಯ ಮೂಕಿ ಚಿತ್ರಗಳಲ್ಲಿ ಆಕಾಶಗಮನವೆಂದರೆ ಮುಖ್ಯವಾಗಿ ಪುರಾಣದ ವಿಷಯ. ದಾದಾಸಾಹೇಬ್ ಫಾಲ್ಕೆ ಅವರ ‘ಲಂಕಾ ದಹನ’ (1917) ಚಿತ್ರದಲ್ಲಿ ಹನುಮಂತನು ಆಕಾಶಕ್ಕೆ ನೆಗೆಯುವುದನ್ನು ತಂತ್ರಚಿತ್ರೀಕರಣದಿಂದ ತೋರಿಸಲಾಯಿತು. ಬೂತ್ ಅವರಂತೆ ಫಾಲ್ಕೆ ಅವರೂ ಇಂದ್ರಜಾಲ ಬಲ್ಲವರೆಂಬುದು ಗಮನಾರ್ಹ. ಹೈದರಾಬಾದಿನಲ್ಲಿ ಧೀರೇನ್ ಗಂಗೂಲಿ 1922ರಲ್ಲಿ ಲೋಟಸ್ ಫಿಲ್ಮ್ ಕಂಪನಿಯನ್ನು ಆರಂಭಿಸಿದರು. ಆದರೆ ‘ರಜಿಯಾ ಬೇಗಂ’ (1924) ಚಿತ್ರದಿಂದ ಅಸಮಾಧಾನಗೊಂಡ ನಿಜಾಮರು ಅವರನ್ನು ಸಂಸ್ಥಾನದಿಂದ ಹೊರಹೋಗುವಂತೆ ಆಜ್ಞಾಪಿಸಿದ್ದರಿಂದ ಅಲ್ಲಿನ ಚಿತ್ರೋದ್ಯಮ ಚಿಗುರಿನಲ್ಲಿಯೇ ನಿಂತಿತು. ಟಿ. ರಂಗಾಚಾರಿಯರ್ ಅಧ್ಯಕ್ಷತೆಯ ಭಾರತೀಯ ಸಿನಿಮಾಟೋಗ್ರಾಫ್ ಸಮಿತಿ (1927–28) ದೇಶದಲ್ಲಿ ಪ್ರದರ್ಶಿತವಾಗುತ್ತಿದ್ದ ಚಿತ್ರಗಳಲ್ಲಿ ಬಹುಪಾಲು ವಿದೇಶಿ, ಅದರಲ್ಲೂ ಅಮೆರಿಕನ್ ಚಿತ್ರಗಳೆಂಬುದನ್ನು ದಾಖಲಿಸಿತು.

ಭಾರತೀಯ ವಾಯುಪಡೆ 1932ರ ಅಕ್ಟೋಬರ್ 8ರಂದು ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1940ರ ಡಿಸೆಂಬರಿನಲ್ಲಿ ಆರಂಭವಾಯಿತು. ಅಷ್ಟರಲ್ಲಿ ಮೂಕಿ ಯುಗ ಮುಗಿದಿತ್ತು. ಕನ್ನಡದ ಮೊದಲು ತೆರೆಕಂಡ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿಯೇ ಬಂದಿತ್ತು.

ಮಹತ್ವ ಮತ್ತು ಟೀಕೆ

ಈ ಚಿತ್ರಗಳು ವೈಮಾನಿಕನನ್ನು ಆಧುನಿಕ ಕಾಲದ ವೀರನನ್ನಾಗಿ ರೂಪಿಸಿದವು. ಕಂದಕಗಳ ಕೆಸರಿನಲ್ಲಿ ಲಕ್ಷಾಂತರ ಮಂದಿ ಹೆಸರಿಲ್ಲದೆ ಸತ್ತ ಯುದ್ಧದಲ್ಲಿ, ಆಕಾಶದ ದ್ವಂದ್ವಯುದ್ಧಕ್ಕೆ ಮಾತ್ರ ಹಳೆಯ ಕಾಲದ ಶ್ಲಾಘ್ಯತೆ ಉಳಿದಂತೆ ತೋರುತ್ತಿತ್ತು. ಸೇನೆಗಳು ವಿಮಾನ, ಮೈದಾನ, ಸಿಬ್ಬಂದಿಯನ್ನು ಧಾರಾಳವಾಗಿ ಒದಗಿಸಿದ್ದು ಈ ಚಿತ್ರಗಳು ಯುವಕರನ್ನು ಸೇವೆಗೆ ಸೆಳೆಯುವುವೆಂಬ ನಿರೀಕ್ಷೆಯಿಂದಲೂ ಹೌದು. ಆದರೆ ಉತ್ತಮ ಚಿತ್ರಗಳು ಕೇವಲ ವೈಭವೀಕರಣದಲ್ಲಿ ನಿಲ್ಲಲಿಲ್ಲ. ‘ವಿಂಗ್ಸ್’ನ ನಾಯಕ ಶತ್ರುವೆಂದು ಕೊಲ್ಲುವುದು ತನ್ನ ಗೆಳೆಯನನ್ನೇ. ವಿಮಾನದ ಮೇಲಿನ ಗುರುತು ಬದಲಾದರೆ ಒಳಗಿರುವ ಮನುಷ್ಯ ಕಾಣದಾಗುತ್ತಾನೆ ಎಂಬ ಈ ಪ್ರಸಂಗದಲ್ಲಿ ಯುದ್ಧದ ಕುರಿತಾದ ಕಟುವಾದ ಮಾತಿದೆ.

ಸಾಹಸ ದೃಶ್ಯಗಳಲ್ಲಿ ಆದ ಸಾವುಗಳನ್ನು ನಿರ್ಮಾಪಕರು ಜಾಹೀರಾತಿಗೆ ಬಳಸಿಕೊಂಡರೆಂಬುದು ಈ ಚಿತ್ರಗಳ ಮೇಲಿನ ಮುಖ್ಯ ಆಕ್ಷೇಪ. ‘ದಿ ಸ್ಕೈವೇಮನ್’ ಇದಕ್ಕೆ ಸ್ಪಷ್ಟ ನಿದರ್ಶನ.

ಸಂರಕ್ಷಣೆ

ಮೂಕಿ ಚಿತ್ರಗಳನ್ನು ಮುದ್ರಿಸುತ್ತಿದ್ದ ನೈಟ್ರೇಟ್ ಫಿಲ್ಮು ಸುಲಭವಾಗಿ ಬೆಂಕಿ ಹಿಡಿಯುವಂಥದು. ಕಾಲಕ್ರಮದಲ್ಲಿ ತಾನಾಗಿಯೇ ಕೊಳೆಯುವಂಥದು. ವಾಕ್ಚಿತ್ರಗಳು ಬಂದ ಮೇಲೆ ಹಳೆಯ ಪ್ರತಿಗಳಿಗೆ ಬೆಲೆಯಿಲ್ಲವೆಂದು ಭಾವಿಸಿದ ಸಂಸ್ಥೆಗಳು ಅನೇಕವನ್ನು ನಾಶಮಾಡಿದವು. ಕೆಲವನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸಲಾಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಶೇ. 14ರಷ್ಟು ಮಾತ್ರ ಮೂಲ ರೂಪದಲ್ಲಿ ಪೂರ್ಣವಾಗಿ ಉಳಿದಿವೆ. ‘ದಿ ಸ್ಕೈವೇಮನ್’, ‘ದಿ ಲೀಜನ್ ಆಫ್ ದಿ ಕಂಡೆಮ್ಡ್’, ‘ದಿ ಏರ್ ಸರ್ಕಸ್’ ಕಳೆದುಹೋದ ಚಿತ್ರಗಳ ಪಟ್ಟಿಯಲ್ಲಿವೆ. ಲಾಕ್ಲಿಯರ್ ಪ್ರಾಣ ಕೊಟ್ಟ ದೃಶ್ಯವನ್ನು ಇಂದು ನೋಡುವಂತಿಲ್ಲ.

‘ವಿಂಗ್ಸ್’ ಕೂಡ ಬಹುಕಾಲ ಕಳೆದುಹೋಗಿದೆಯೆಂದೇ ನಂಬಲಾಗಿತ್ತು. ಪ್ಯಾರಿಸ್ಸಿನ ಸಿನೆಮಾತೆಕ್ ಫ್ರಾಂಸೇಸ್ ಸಂಗ್ರಹದಲ್ಲಿ ಒಂದು ಪ್ರತಿ ದೊರೆತ ಮೇಲೆ ಅದು ಮರುಜೀವ ಪಡೆಯಿತು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು; ಪ್ಯಾರಮೌಂಟ್ ಸಂಸ್ಥೆಯ ಶತಮಾನೋತ್ಸವದ ವರ್ಷವಾದ 2012ರಲ್ಲಿ ಅದರ ಪುನರುಜ್ಜೀವಿತ ಪ್ರತಿ ಹೊರಬಂದಿತು. ಭಾರತದಲ್ಲಿ ತಯಾರಾದ 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಕೆಲವೇ ಕೆಲವು ಉಳಿದಿದ್ದು, 1964ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅವುಗಳ ರಕ್ಷಣೆಯಲ್ಲಿ ತೊಡಗಿದೆ.

ಪ್ರಮುಖ ಚಿತ್ರಗಳು

1909 – ದಿ ಏರ್‌ಶಿಪ್ ಡಿಸ್ಟ್ರಾಯರ್ – ವಾಲ್ಟರ್ ಬೂತ್ – ಬ್ರಿಟನ್
1911 – ದಿ ಏರಿಯಲ್ ಅನಾರ್ಕಿಸ್ಟ್ಸ್ – ವಾಲ್ಟರ್ ಬೂತ್ – ಬ್ರಿಟನ್
1911 – ದಿ ಮಿಲಿಟರಿ ಏರ್-ಸ್ಕೌಟ್ – ವಿಲಿಯಂ ಹಂಫ್ರಿ – ಅಮೆರಿಕ
1917 – ದಿ ಜೆಪ್ಪೆಲಿನ್ಸ್ ಲಾಸ್ಟ್ ರೇಡ್ – ಇರ್ವಿನ್ ವಿಲಟ್ – ಅಮೆರಿಕ
1920 – ದಿ ಸ್ಕೈವೇಮನ್ – ಜೇಮ್ಸ್ ಹೋಗನ್ – ಅಮೆರಿಕ (ಕಳೆದುಹೋಗಿದೆ)
1927 – ವಿಂಗ್ಸ್ – ವಿಲಿಯಂ ವೆಲ್‌ಮನ್ – ಅಮೆರಿಕ
1927 – ದಿ ಫ್ಲೈಟ್ ಕಮಾಂಡರ್ – ಮೊರಿಸ್ ಎಲ್ವಿ – ಬ್ರಿಟನ್
1928 – ದಿ ಲೀಜನ್ ಆಫ್ ದಿ ಕಂಡೆಮ್ಡ್ – ವಿಲಿಯಂ ವೆಲ್‌ಮನ್ – ಅಮೆರಿಕ (ಕಳೆದುಹೋಗಿದೆ)
1928 – ಲೈಲಾಕ್ ಟೈಮ್ – ಜಾರ್ಜ್ ಫಿಟ್ಸ್‌ಮೊರಿಸ್ – ಅಮೆರಿಕ
1929 – ದಿ ಫ್ಲೈಯಿಂಗ್ ಫ್ಲೀಟ್ – ಜಾರ್ಜ್ ಹಿಲ್ – ಅಮೆರಿಕ
1930 – ಹೆಲ್ಸ್ ಏಂಜಲ್ಸ್ – ಹೊವಾರ್ಡ್ ಹ್ಯೂಸ್ – ಅಮೆರಿಕ (ಮೂಕಿಯಾಗಿ ಆರಂಭ, ವಾಕ್ಚಿತ್ರವಾಗಿ ಬಿಡುಗಡೆ)